ಬ್ರಾಕೆಟ್ಟಿನೊಳಗಿನ ಮುತ್ತಗಕೊಪ್ಪ

ಒಂದು ಊರನ್ನು ಬ್ರಾಕೆಟ್ಟಿನಿಂದ ಹೊರಗೆಳೆಯಲು ಹೋಗಿ ಹೋದ ವಾರ ಒಂದು ಕಪ್ ಕಾಫಿ ಕಳೆದುಕೊಂಡೆ. ಒಂದು ಸರ್ಕಾರಿ ಆಫೀಸಿನ ಸಾಹೇಬರೇ ತರಿಸಿದ್ದ ಕಾಫಿ. ನನ್ನ ಮಾತು ಮುಗಿಯುವಷ್ಟರಲ್ಲಿ ಜವಾನ ಅದನ್ನು ವಾಪಸ್ ಒಯ್ದಿದ್ದ.

ಮೊದಲಿಂದ ಹೇಳುತ್ತೇನೆ.

ಶಿಕಾರಿಪುರದಲ್ಲಿ ಮದುವೆ ಮನೆಗಳಿಗೆ ಗ್ಯಾಸ್‌ಲೈಟ್ ಬಾಡಿಗೆ ಕೊಡುವ ಗೌಸ್ ಸಾಬರು ನನ್ನ ಹಳೆಯ ದೋಸ್ತರು. ಯಾರದೋ ಮನೆಯ ಲಾಟೀನುಗಳ ಜೊತೆ ಅವರಿಗೆ ಎರಡು ಸರ್ವೇ ನಕ್ಷೆ ಬಂದಿದ್ದವು. ಒಂದು ಹಳೆಯದು, ಇನ್ನೊಂದು ತೀರಾ ಹಳೆಯದು. ಗ್ಯಾಸ್‌ಲೈಟಿನ ಗಾಜು ಸುತ್ತಿಡಲು ಹರಿಯುವವರಿದ್ದರು. ನಾನು ಚೌಕಾಸಿಗಿಳಿದೆ.

"ರದ್ದಿ ಕಾಗದಕ್ಕೂ ಚೌಕಾಸಿನಾ ಸಾವ್ಕಾರ್ರೆ?"

"ರದ್ದಿ ಅಂತ ನೀವೇ ಅಂದ್ರಲ್ಲ. ಹಂಗಾದ್ರೆ ಪುಕ್ಕಟೆ ಕೊಡ್ರಿ."

ಕೊಟ್ಟರು. (ಮಾರುವವನ ಬಾಯಿಂದಲೇ ಬೆಲೆ ಇಳಿಸಬೇಕು. ಕಲಿತುಕೊಳ್ಳಿ.)

ಇಂಥ ನಕ್ಷೆ ಸಿಕ್ಕರೆ ಗೋಡೆಗೆ ತೂಗುಹಾಕಬೇಡಿ, ಎರಡನ್ನೂ ಪಕ್ಕಪಕ್ಕ ಹರಡಿ. ಕಂದು ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರವಿದ್ದರೆ ಸಲೀಸು. ತೀರಾ ಹಳೆಯದರಲ್ಲಿ ತೊಗರ್ಸಿ ಕಡೆಯಿಂದ ಒಂದು ಗಾಡಿದಾರಿ ಗುಡ್ಡ ಹತ್ತುತ್ತದೆ. ಮೇಲೆ ಮುತ್ತಗಕೊಪ್ಪ. ಪುಟ್ಟ ಪುಟ್ಟ ಚೌಕ ಮನೆಗಳು, ಒಂದು ಕಟ್ಟೆ, ಅದರ ಹಿಂದೆ ಬಾವಿಯ ನೀಲಿ ಬಳೆ. ಇನ್ನೊಂದು ನಕ್ಷೆಯಲ್ಲಿ ಅದೇ ಗುಡ್ಡ, ಅದೇ ಹೆಸರು. ಬಾವಿ ಮಾತ್ರ ಇಲ್ಲ. ಹೆಸರಿನ ಕೆಳಗೆ ಬ್ರಾಕೆಟ್ ಹಾಕಿ, ಊರು ಹಾಳು ಬಿದ್ದಿದೆ ಎಂದು ಇಂಗ್ಲಿಷಿನಲ್ಲಿ ಒಂದೇ ಪದ.

ಬ್ರಾಕೆಟ್ ನನ್ನ ಚಾಳಿ, ನಿಮಗೆ ಗೊತ್ತು. ಬಿಟ್ಟರೂ ನಡೆಯುವ ಮಾತನ್ನು ಅದರೊಳಗೆ ತುರುಕುತ್ತೇನೆ. ಆದರೆ ಊರನ್ನು?

ಬೈಕ್ ಹತ್ತಿದೆ. ಅರ್ಧ ದಾರಿಗೆ ಬೈಕ್ ಬಿಟ್ಟು ನಡೆದೆ. ಹಾಳು ಎಂದು ಬರೆದ ಕಡೆ ಮೂರು ಮನೆ. ಮೂರರಲ್ಲೂ ಒಲೆಯ ಹೊಗೆ.

ಮೊದಲ ಮನೆಯವರು ಹಾಲಮ್ಮ. ಅವರ ಅಜ್ಜನ ಕಾಲಕ್ಕೆ ಮಲೇರಿಯಾ ಬಂದು ಊರೆಲ್ಲ ಕೆಳಗಿಳಿದಿತ್ತಂತೆ. ಈಗ ಗಂಡ, ಇಬ್ಬರು ಮೈದುನರ ಜೊತೆ ಹೊಲ ಮಾಡಲು ಮತ್ತೆ ಹತ್ತಿ ಬಂದಿದ್ದಾರೆ. ನಕ್ಷೆ ತೋರಿಸಿದೆ.

"ನಮ್ಮೋರು ಊರು ಬಿಟ್ಟಿದ್ದು ಜ್ವರಕ್ಕೆ ಹೆದ್ರಿ ಅಣ್ಣಾ, ಕಾಗದಕ್ಕೆ ಹೆದ್ರಿ ಅಲ್ಲ" ಎಂದರು. ಆಮೇಲೆ ದನಿ ಇಳಿಸಿ, "ನೀರು ಹಳ್ಳದಿಂದ ಹೊರಬೇಕು. ಬ್ಯಾಸಿಗಿಗೆ ಅದೂ ಒಣಗ್ತೈತಿ. ಈ ಸಲ ತಡಿಯಾಕೆ ಆಗಂಗಿಲ್ಲ, ಇಳಿದು ಹೋಗ್ತೀವಿ."

ಹೋದರೆ ಆ ಬ್ರಾಕೆಟ್ ನಿಜವಾಗಿಬಿಡುತ್ತದೆ.

ತೀರಾ ಹಳೆಯ ನಕ್ಷೆ ಹಿಡಿದು ಕಟ್ಟೆಯ ಹಿಂದೆ ಹೋದೆ. ಅಲ್ಲಿ ಬರೀ ಲಂಟಾನ. ಮೈದುನರು ಕತ್ತಿ ತಂದು ಸವರಿದರು. ಕೆಳಗೆ ಕಲ್ಲು ಕಟ್ಟಿದ ಬಾವಿ. ಒಬ್ಬ ಕಲ್ಲು ಹಾಕಿದ. ಸ್ವಲ್ಪ ತಡವಾಗಿ 'ಗುಳುಂ' ಅಂತು. ಹಾಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆಳದ ಬಾವಿ. ಪಂಪು ಬೇಕು, ಪಂಪಿಗೆ ಕರೆಂಟು ಬೇಕು. (ಪಂಪ್‌ಸೆಟ್ ಮಾರುವವನು ನಾನು. ನನ್ನ ಲಾಭವೂ ಇದೆ, ಹೌದು. ಅದಕ್ಕೇ ಸುಲಭಕ್ಕೆ ಬಿಡುವವನಲ್ಲ.)

"ಆಫೀಸಿಗೆ ಹೋಗಿ ಕರೆಂಟು ಕೇಳಿದ್ವಿ. ನಿಮ್ಮೂರು ಬೇಚಿರಾಕ್, ಲೈನ್ ಎಳಿಯಾಕೆ ಬರಲ್ಲ ಅಂದ್ರು" ಎಂದರು ಹಾಲಮ್ಮ.

ಜನವಸತಿ ಇಲ್ಲದ ಊರಿಗೆ ದಫ್ತರಿನಲ್ಲಿ ಹಾಗೆನ್ನುತ್ತಾರೆ, ಅಷ್ಟು ಗೊತ್ತಿತ್ತು. ಪದದ ಹೊಟ್ಟೆಯೊಳಗೆ ಏನಿದೆ? ಗೌಸ್ ಸಾಬರನ್ನು ಕೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ.

"ಬೇ ಅಂದ್ರೆ ಇಲ್ಲ, ಚಿರಾಗ್ ಅಂದ್ರೆ ದೀಪ. ದೀಪ ಇಲ್ಲದ ಊರು. ನಮ್ ಧಂದೆಗೇ ಬಂದ್ರಲ್ರೀ."

ಅದನ್ನು ಜೇಬಿಗಿಳಿಸಿಕೊಂಡು ಆಫೀಸಿಗೆ ಹೋದೆ. (ಯಾವ ಆಫೀಸು ಎಂದು ಕೇಳಬೇಡಿ.)

"ಮನೆ ಇರಬಹುದು ಕಣ್ರೀ. ಊರು ಇಲ್ಲ" ಎಂದರು ಸಾಹೇಬರು.

"ಯಾಕಿಲ್ಲ ಸಾರ್?"

"ಬೇಚಿರಾಕ್."

"ಹಂಗಂದ್ರೆ ದೀಪ ಇಲ್ಲ ಅಂತ. ನೀವೇ ಬರ್ಕೊಂಡೀರಿ. ದೀಪ ಇಲ್ಲ ಅಂತಲೇ ಅಲ್ವಾ ದೀಪ ಕೇಳೋಕೆ ಬಂದಿರೋದು?"

"ಮೊದಲು ಊರಾಗಲಿ, ಆಮೇಲೆ ದೀಪ."

"ಹೆಸರೇ ಹೇಳ್ತೈತಲ್ಲ ಸಾರ್, ದೀಪ ಬಂದ್ರೇ ಊರಾಗೋದು."

ಕಾಫಿ ಹೋದದ್ದು ಆಗ.

ಹೋಗಲಿ. ಓದುಗರೇ, ಇಲ್ಲ ಎಂದವರ ಎದುರು ಕೂತು ಗೋಗರೆಯಬೇಡಿ. ಎದ್ದು ಬನ್ನಿ, ಇದೆ ಎಂದು ತೋರಿಸಿ. ಗೌಸ್ ಸಾಬರ ಹತ್ತಿರ ಮತ್ತೆ ಚೌಕಾಸಿ ಮಾಡಿದೆ. ಮದುವೆ ಸೀಸನ್ ಮುಗಿದಿತ್ತು, ಒಂದು ಗ್ಯಾಸ್‌ಲೈಟ್ ಗುಡ್ಡ ಹತ್ತಿತು.

ಮೊನ್ನೆ ಮುಸ್ಸಂಜೆ ಆನವಟ್ಟಿ ಬಸ್ಸಿನಲ್ಲಿದ್ದೆ. ಕಂಡಕ್ಟರ್ ಕಿಟಕಿಗೆ ಬಗ್ಗಿದ.

"ಗುಡ್ಡದ ಮ್ಯಾಲೆ ಅದೇನ್ರೀ ಬೆಳಕು? ಅಲ್ಲಿ ಊರೇ ಇಲ್ಲಲ್ಲ?"

"ಮುತ್ತಗಕೊಪ್ಪ" ಎಂದೆ. ಬ್ರಾಕೆಟ್ ಹಾಕದೆ, ಇಡೀ ಬಸ್ಸಿಗೆ ಕೇಳುವ ಹಾಗೆ.

ದೀಪವಂತೂ ಹತ್ತಿತು ಸಾಹೇಬರೇ. ಊರಿಲ್ಲ ಎಂದು ಇನ್ನು ಯಾವ ಭಾಷೆಯಲ್ಲಿ ಬರೆಯುತ್ತೀರಿ?