ನೀರಾನೆಯ ದವಡೆ ಸಿಕ್ಕ ದಂಡೆ

ಐನಾಪುರದ ಕಡೆ, ಹೊಳೆದಂಡೆಯ ನಮ್ಮ ಹೊಲವನ್ನು ಕೃಷ್ಣೆ ಒಂದು ಬದಿಗೆ ಗೋಡೆಯಂತೆ ಕಡಿದಿದ್ದಳು. ಆ ಗೋಡೆಯ ಬುಡದಲ್ಲಿ ನನಗೊಂದು ನೀರಾನೆಯ ದವಡೆ ಸಿಕ್ಕಿತು. ಅದು ಎಂಬತ್ತರ ದಶಕದ ಕೊನೆ. ಆಗ ನಾನು ಪುಣೆಯಲ್ಲಿ ಭೂವಿಜ್ಞಾನದ ಸಂಶೋಧನೆಯಲ್ಲಿದ್ದೆ. ಈಗ ಈ ಸೀಮೆಯಲ್ಲಿ ಹೆಸರಿಗೂ ಇಲ್ಲದ ಪ್ರಾಣಿ ಇಲ್ಲಿ ಯಾವಾಗ ಬದುಕಿತ್ತು, ಆಗ ಮಳೆ ಹೇಗಿತ್ತು ಎಂಬುದನ್ನು ಆ ಮಣ್ಣಿನಿಂದಲೇ ತಿಳಿಯಬೇಕಿತ್ತು. ಹೂಳಿನೊಳಗಿನ ಕಬ್ಬಿಣದ ಕಣಗಳು ತಳಕ್ಕೆ ಕೂರುವಾಗ ಅಂದಿನ ಉತ್ತರಕ್ಕೆ ಮುಖ ಮಾಡಿ ಕೂರುತ್ತವೆ. ಭೂಮಿಯ ಕಾಂತದಿಕ್ಕು ಹಿಂದೆ ಎಷ್ಟೋ ಸಲ ತಿರುವುಮುರುವಾಗಿದೆ. ಅದು ತಿರುಗಿದ ಕಾಲಗಳು ಗೊತ್ತಿರುವುದರಿಂದ, ಆ ತಿರುವು ಯಾವ ಪದರದಲ್ಲಿದೆ ಎಂದು ತಿಳಿದರೆ ದವಡೆಯ ಕಾಲ ಹಿಡಿಯಬಹುದು.

ಹೊಲ ನೋಡಿಕೊಳ್ಳುತ್ತಿದ್ದ ಅಣ್ಣನೇ ಏಣಿ ಹಿಡಿದ. ಗೋಡೆಯ ಮೇಲ್ಭಾಗದಿಂದ ಮಣ್ಣಿನ ತುಂಡು ಕೊಯ್ದು, ಪ್ರತಿಯೊಂದಕ್ಕೂ ಉತ್ತರದ ಬಾಣ ಗೀಚಿದೆ. ಅಷ್ಟರಲ್ಲಿ ಮಳೆ ಹಿಡಿದು ಹೊಳೆ ಏರಿತು. ದವಡೆ ಸಿಕ್ಕ ಕೆಳಪದರಗಳು ಹಾಗೇ ಉಳಿದವು. ಪುಣೆಯಲ್ಲಿ ಅಳೆದಾಗ ಮೇಲಿನ ತುಂಡುಗಳೆಲ್ಲ ಇಂದಿನ ಉತ್ತರವನ್ನೇ ತೋರಿಸಿದವು. ತಿರುವು ಇದ್ದರೆ ಕೆಳಗೇ ಇರಬೇಕು.

ಮರುಬೇಸಗೆ ಹೋದರೆ ದಂಡೆಯೇ ಇರಲಿಲ್ಲ. ಅದರ ಮಣ್ಣು ಪಕ್ಕದ ಇಟ್ಟಿಗೆ ಭಟ್ಟಿಯಲ್ಲಿ ಬೇಯುತ್ತಿತ್ತು. ಎಲುಬು ಸಿಕ್ಕ ಹೊಲವನ್ನು ಸರಕಾರ ಕಸಿದುಕೊಳ್ಳುತ್ತದೆ ಎಂದು ಊರಲ್ಲಿ ಯಾರೋ ಹೇಳಿದ್ದರಂತೆ. ಅಣ್ಣ ಅದನ್ನು ನಂಬಿ ಮಣ್ಣೆಲ್ಲ ಭಟ್ಟಿಯವನಿಗೆ ಮಾರಿಬಿಟ್ಟಿದ್ದ.

“ನನ್ನ ಒಂದ ಮಾತ ಕೇಳಬಾರದಾಗಿತ್ತೇನ ಅಣ್ಣಾ? ಅಪ್ಪನ ಹೊಲಾ ಅದು,” ಎಂದೆ.

“ಕೇಳಾಕ ಇದರಾಗ ನಿಂದೇನೈತಿ? ನಿನ್ನ ನಿಪ್ಪಾಣಿಗೆ ಕೊಟ್ಟೀವಲ್ಲ.”

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ ಹೇಳಿ, ಚಹಾ ಕುಡಿಯಲು ಕರೆದ.

ಬೆಂದ ಮಣ್ಣು ಹಳೆಯ ದಿಕ್ಕನ್ನು ಕಳೆದುಕೊಳ್ಳುತ್ತದೆ. ಭಟ್ಟಿ ಆರುವ ದಿನದ ಉತ್ತರವಷ್ಟೇ ಅದರಲ್ಲಿ ಉಳಿಯುತ್ತದೆ. ಇದು ಗೊತ್ತಿದ್ದೂ ಆ ಇಟ್ಟಿಗೆ ರಾಶಿಯ ಮುಂದೆ ಬಹಳ ಹೊತ್ತು ನಿಂತೆ. ರಾಯಬಾಗದ ಕಡೆಯ ದಂಡೆಗಳಲ್ಲೂ ಅಲೆದೆ, ಪದರಗಳು ತಾಳೆಯಾಗಲಿಲ್ಲ. ಪ್ರಬಂಧವನ್ನು ಮೇಲಿನ ಅರ್ಧದಿಂದಲೇ ಮುಗಿಸಿದೆ. ಪದರದಿಂದ ಪದರಕ್ಕೆ ಕಬ್ಬಿಣದ ಕಣಗಳ ಪ್ರಮಾಣ ಏರಿಳಿದದ್ದನ್ನು ನೋಡಿ ಮಳೆ ಹೆಚ್ಚಿದ, ಬತ್ತಿದ ಕಾಲಗಳ ಬಗ್ಗೆ ಒಂದಿಷ್ಟು ಬರೆದೆ. ನನ್ನ ಗುರುಗಳು ದವಡೆಯ ಅಧ್ಯಾಯವನ್ನು ತೆಗೆಸಿದರು. ಕಾಲ ತಿಳಿಯದ ಎಲುಬು ಯಾವುದಕ್ಕೂ ಸಾಕ್ಷಿಯಾಗುವುದಿಲ್ಲ ಎಂದರು. ಅವರ ಮಾತು ಸರಿಯಾಗಿತ್ತು.

ತೊಂಬತ್ತರ ದಶಕದಲ್ಲಿ ಅಣ್ಣನ ಹೊಸ ಮನೆಯ ವಾಸ್ತುಶಾಂತಿಗೆ ಹೋದೆ. ಮನೆಮಗಳೆಂದು ಅತ್ತಿಗೆ ಉಡಿ ತುಂಬಿದಳು. ಅಣ್ಣ ನಾಲ್ಕು ಜನರ ಮುಂದೆ, ನಮ್ಮ ತಂಗಿ ಡಾಕ್ಟರೇಟ್ ಮಾಡ್ಯಾಳ್ರಿ ಎಂದು ಹೆಮ್ಮೆಯಿಂದ ಹೇಳಿಕೊಂಡ. ನಾನು ಊಟಕ್ಕೆ ನಿಲ್ಲದೆ ಚಿಕ್ಕೋಡಿ ಬಸ್ಸು ಹತ್ತಿದೆ. ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.