ಬಲಗೈಗೆ ಸಿಕ್ಕ ಪುಳಿಯೋಗರೆ

ಆ ದಿನಗಳಲ್ಲಿ ಕತ್ರಿಗುಪ್ಪೆಯ ನಮ್ಮ ಬೀದಿಯ ಮಕ್ಕಳು ಶಾಲೆ ಬಿಟ್ಟ ಮೇಲೆ ಕುಂಟೆಬಿಲ್ಲೆ ಆಡುತ್ತಿದ್ದರೆ, ನಾನು ಜಯನಗರದ ಒಂದು ಆಸ್ಪತ್ರೆಯಲ್ಲಿ ಕೂತು ಬಟ್ಟೆ ಕ್ಲಿಪ್ಪುಗಳನ್ನು ಹಗ್ಗಕ್ಕೆ ಸಿಕ್ಕಿಸಲು ಹೆಣಗುತ್ತಿದ್ದೆ. ನನಗೆ ಒಂಬತ್ತು ವರ್ಷ. ಮಿದುಳು ಜ್ವರ ಬಂದು ಹೋಗಿತ್ತು. ಹೋಗುವಾಗ ಬಲಗೈಯನ್ನು ಮುಷ್ಟಿ ಕಟ್ಟಿಸಿ ಹೋಗಿತ್ತು. ಬೆರಳು ಬಿಚ್ಚುತ್ತಿರಲಿಲ್ಲ. ಕಾಲಿಗೆ, ಮಾತಿಗೆ ಏನೂ ಆಗಲಿಲ್ಲ, ಅದು ತಾಯಿ ಬನಶಂಕರಿಯ ದಯೆ. ಕಿಟಕಿ ಪಕ್ಕದ ಮಂಚ ಸಿಕ್ಕಿತ್ತು, ಅದೂ ದಯೆಯೇ. ಮಿಕ್ಕಿದ್ದೆಲ್ಲ ನನಗೆ ಶತ್ರು.

ಎಲ್ಲರಿಗಿಂತ ದೊಡ್ಡ ಶತ್ರು ಕೈಗೆ ಥೆರಪಿ ಮಾಡಿಸುತ್ತಿದ್ದ ಶೈಲಾ ಮೇಡಂ. ಚೆನ್ನಾಗಿದ್ದ ನನ್ನ ಎಡಗೈಗೆ ದಪ್ಪ ಬಟ್ಟೆಯ ಚೀಲ ತೊಡಿಸಿ ಮಣಿಕಟ್ಟಿಗೆ ಪಟ್ಟಿ ಬಿಗಿಯುತ್ತಿದ್ದರು. ಎಡಗೈ ಸಿಗದಿದ್ದರೆ ಬಲಗೈ ತಾನೇ ಕೆಲಸ ಕಲಿಯುತ್ತದೆ ಎನ್ನುವುದು ಅವರ ಹಠ. ಒಂದು ಸಲ ಅವರ ಕೈ ಕಚ್ಚಿದ್ದೆ. ತೊಳೆದುಕೊಂಡು ಬಂದು, "ಹಲ್ಲು ಚೆನ್ನಾಗಿದೆ. ಈಗ ಕೈ ತೋರ್ಸು" ಅಂದಿದ್ದರು.

ಆ ಶುಕ್ರವಾರ ಗೌರಿ ಹಬ್ಬಕ್ಕೆ ನಾಲ್ಕು ದಿನವಿತ್ತು. ಸಂಜೆ ಡಾಕ್ಟರು ನೋಡಲು ಬರುವವರಿದ್ದರು. ಬೆರಳು ಬಿಚ್ಚಿದರೆ ಹಬ್ಬಕ್ಕೆ ಮನೆ, ಇಲ್ಲವಾದರೆ ಇನ್ನೊಂದು ತಿಂಗಳು ಇಲ್ಲೇ ಎಂದು ಮೊದಲೇ ಹೇಳಿಬಿಟ್ಟಿದ್ದರು.

ಬೆಳಿಗ್ಗೆ ಎಂಟಕ್ಕೇ ಜಗಳ ಶುರುವಾಯಿತು. ನಾನೇ ಬಲಗೈಯಲ್ಲಿ ತಿನ್ನಬೇಕು, ಯಾರೂ ತಿನ್ನಿಸಬಾರದು ಎನ್ನುವುದು ಅಲ್ಲಿಯ ನಿಯಮ; ಒಂದು ವಾರದಿಂದ ಅಮ್ಮ ಪರದೆ ಎಳೆದು ಕದ್ದು ನನ್ನ ಬಾಯಿಗೆ ತುತ್ತಿಡುತ್ತಿದ್ದಳು. ಅವತ್ತು ಚಟ್ನಿ ನನ್ನ ಗಲ್ಲದ ಮೇಲೆ ಉಳಿದುಬಿಟ್ಟಿತ್ತು.

"ಯಾರು ತಿನ್ಸಿದ್ದು?" ಅಂದರು ಶೈಲಾ ಮೇಡಂ.

"ಮಗು ಹಸ್ಕೊಂಡಿತ್ತು," ಅಂದಳು ಅಮ್ಮ.

"ಹಸ್ಕೊಂಡಿರ್ಲಿ. ನೀವೇ ಕೈಯಾಗ್ಬಿಟ್ರೆ ಅವಳಿಗ್ಯಾಕಮ್ಮ ಇನ್ನೊಂದು ಕೈ?"

"ನಿಮಗೂ ಒಂದು ಮಗು ಇದ್ದಿದ್ರೆ ಗೊತ್ತಾಗಿರೋದು."

ಶೈಲಾ ಮೇಡಂ ನನ್ನ ಎಡಗೈಯ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದರು, ಅಷ್ಟೆ. ಅಮ್ಮ ಅಳುತ್ತಲೇ ನಿಂಬೆಹಣ್ಣಿನ ಚೀಲ ಹಿಡಿದು ಹೊರಟಳು. ಶುಕ್ರವಾರದ ರಾಹುಕಾಲದಲ್ಲಿ ಬನಶಂಕರಿ ಗುಡಿಯಲ್ಲಿ ನಿಂಬೆ ದೀಪ ಹಚ್ಚುವುದನ್ನು ಅವಳು ತಪ್ಪಿಸಿದವಳಲ್ಲ.

ನನ್ನನ್ನು ಶತ್ರುವಿನ ಕೈಗೆ ಬಿಟ್ಟು ಹೋದಳು. ಮೊದಲು ಬಿಸಿ ಮೇಣದಲ್ಲಿ ಕೈ ಅದ್ದುವುದು. ಆರಿದ ದೀಪದ ವಾಸನೆ ಅದಕ್ಕೆ. ಆಮೇಲೆ ಬೆರಳುಗಳನ್ನು ಒಂದೊಂದಾಗಿ ಎಳೆದು ನೀವುವುದು. ಆಮೇಲೆ ಕರೆಂಟು: ಮೊಣಕೈ ಕೆಳಗೆ ಒದ್ದೆ ಪಟ್ಟಿ ಇಟ್ಟರೆ ಇರುವೆ ಹರಿದಂತೆ ಜುಮುಗುಟ್ಟಿ ಬೆರಳು ತಾವಾಗಿ ನೆಗೆಯುತ್ತಿದ್ದವು, ತೆಗೆದರೆ ಮತ್ತೆ ಮುಷ್ಟಿ. ಆಮೇಲೆ ಕ್ಲಿಪ್ಪು, ಹಿಟ್ಟು ನಾದುವುದು, ಮತ್ತೆ ಕ್ಲಿಪ್ಪು. ಹನ್ನೆರಡೂವರೆಗೆ ಅನ್ನ ಸಾರಿನ ತಟ್ಟೆ ಮುಂದಿಟ್ಟು, "ತಿಂದ್ರೆ ತಿನ್ನು, ಇಲ್ದಿದ್ರೆ ನೋಡ್ತಾ ಕೂತ್ಕೊ" ಎಂದು ಎದುರಿಗೇ ಕುಳಿತರು. ನಾನು ನೋಡುತ್ತಾ ಕೂತೆ.

ಒಂದು ಗಂಟೆಗೆ ಅಮ್ಮ ಬಂದಳು. ಕೈಯಲ್ಲಿ ಪ್ರಸಾದದ ದೊನ್ನೆ. ಹುಣಸೆ, ಎಳ್ಳು, ಒಗ್ಗರಣೆಯ ಕಡಲೆಕಾಯಿ ಬೀಜದ ವಾಸನೆಗೆ ಬಾಯಲ್ಲಿ ನೀರೂರಿತು. ಚೀಲ ತೊಟ್ಟ ಎಡಗೈಯನ್ನೇ ಚಾಚಿದೆ.

"ಎಡಗೈಲಿ ಪ್ರಸಾದ ತಗೋತಾರೇನೆ?" ಎಂದು ಅಮ್ಮ ದೊನ್ನೆ ಹಿಂದಕ್ಕೆಳೆದಳು.

ಬಾಯಿ ತೆರೆದೆ.

"ಇಲ್ಲ ಪುಟ್ಟಿ. ನಿನ್ನ ಬಲಗೈಗೇ ಕೊಡ್ತೀನಿ ಅಂತ ದೇವಿ ಮುಂದೆ ಹೇಳ್ಕೊಂಡು ಬಂದಿದೀನಿ."

ಆಸ್ಪತ್ರೆಯ ನಿಯಮವನ್ನೆಲ್ಲ ಮುರಿದವಳು ಇದೊಂದನ್ನು ಮುರಿಯಲಿಲ್ಲ. ಶೈಲಾ ಮೇಡಂ ಮೊದಲ ಸಲ ನಕ್ಕರು. "ನೋಡು, ನಿಮ್ಮಮ್ಮನ ದೇವ್ರೂ ನನ್ನ ಪಾರ್ಟೀನೇ."

ಆ ನಗು ಕಂಡು ಮೈಯೆಲ್ಲ ಉರಿಯಿತು. ಪುಳಿಯೋಗರೆಯನ್ನು ಬಾಚಿ ಅವರ ಮುಖಕ್ಕೆ ಎರಚಬೇಕೆಂದು ಬಲಗೈಯನ್ನು ದೊನ್ನೆಗೆ ನುಗ್ಗಿಸಿದೆ. ಬಾಚಬೇಕಾದರೆ ಬೆರಳು ಬಿಚ್ಚಬೇಕಲ್ಲ. ಬಿಚ್ಚಿತು. ಅನ್ನ ಅಂಗೈಗೆ ಬಂತು. ಕೈ ಎತ್ತಿದ ಮೇಲೆ ತಿಳಿಯಿತು, ಇದನ್ನು ಎಸೆಯುವಂತಿಲ್ಲ. ಪ್ರಸಾದದ ಒಂದು ಅಗುಳು ನೆಲಕ್ಕೆ ಬಿದ್ದರೂ ಕಣ್ಣಿಗೊತ್ತಿಕೊಂಡು ತಿನ್ನುವ ಮನೆ ನಮ್ಮದು. ಶೈಲಾ ಮೇಡಂ ಮುಖವನ್ನೇ ದುರುಗುಟ್ಟಿ ನೋಡುತ್ತಾ, ಕೆನ್ನೆಗೆಲ್ಲ ಮೆತ್ತಿಕೊಂಡು, ಅಷ್ಟನ್ನೂ ತಿಂದೆ. ಅಮ್ಮ ದೊನ್ನೆ ಹಿಡಿದೇ ನಿಂತಿದ್ದಳು.

ಸಂಜೆ ಡಾಕ್ಟರ ಮುಂದೆ ಮೂರೇ ಬೆರಳು ಬಿಚ್ಚಿದವು. "ಹೋಗ್ಲಿ, ಹಬ್ಬ ಮುಗಿಸ್ಕೊಂಡು ಬನ್ನಿ" ಅಂದರು. ಮೂರು ಬೆರಳಿಗೆ ಒಂದು ಹಬ್ಬ. ಸಾಕಿತ್ತು.

ಈಗ ಶುಕ್ರವಾರ ನಿಂಬೆ ದೀಪ ಹಚ್ಚುವವಳು ನಾನು. ಹೋಳನ್ನು ಹಿಂಡಿ, ಸಿಪ್ಪೆ ಹರಿಯದಂತೆ ಬಟ್ಟಲಿನ ಹಾಗೆ ತಿರುಗಿಸುವಷ್ಟು ಬೆರಳು ಬರುತ್ತದೆ; ಕಿರುಬೆರಳು ಮಾತ್ರ ಇಂದಿಗೂ ಮಡಚಿಕೊಂಡೇ ಇದೆ. ಶೈಲಾ ಮೇಡಂ ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ. ದೀಪದ ಮುಂದೆ ಅವರ ಹೆಸರನ್ನೂ ಹೇಳುತ್ತೇನೆ, ಅದು ಬೇರೆ ಮಾತು. ಅವರು ಎಲ್ಲಿದ್ದಾರೋ ಗೊತ್ತಿಲ್ಲ. ಅಮ್ಮ ಹೋಗಿ ಮೂರು ವರ್ಷವಾಯಿತು. ಪ್ರಸಾದಕ್ಕೆ ಬಲಗೈ ತಾನಾಗಿ ಮುಂದೆ ಹೋಗುತ್ತದೆ. ಬಾಯಿ ತೆರೆದರೆ ತಿನ್ನಿಸುವವರಿಲ್ಲ, ತಿನ್ನಿಸಬೇಡಿ ಎಂದು ಜಗಳಕ್ಕೆ ನಿಲ್ಲುವವರೂ ಇಲ್ಲ.