ಎಡಗಡೆ ಬಾಗಿಲಿನ ನೆಗ್ಗು

ಇಸ್ತ್ರಿಪೆಟ್ಟಿಗೆ ಹುಡುಕಲು ಅಟ್ಟಕ್ಕೆ ಕೈಹಾಕಿದರೆ ಸಿಕ್ಕಿದ್ದೇ ಬೇರೆ: ಎರಡು ರಬ್ಬರ್ ಬಟ್ಟಲು, ನಡುವೆ ಒಂದು ಹಿಡಿಕೆ. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗಳಲ್ಲಿ ಪಾಲಿಶ್ ಮಾಡಿದ ಕಲ್ಲಿನ ಹಾಸನ್ನು ಗಾಳಿಯ ಸೆಳೆತದಿಂದ ಕಚ್ಚಿ ಹಿಡಿದು ಎತ್ತುವ ಸಾಧನ. ಹುನಗುಂದದ ಒಬ್ಬ ಗುಮಾಸ್ತನ ಮನೆಯಲ್ಲಿ ಇದಕ್ಕೇನು ಕೆಲಸ ಎಂದು ದಯವಿಟ್ಟು ಕೇಳಬೇಡಿ. ಕೇಳಿದಿರಾ? ಆಯಿತು, ಹೇಳಿಯೇಬಿಡುತ್ತೇನೆ.

ಮನೆಯಲ್ಲಿ ಏನು ಕೆಟ್ಟರೂ ಅಂಗಡಿಗೆ ಒಯ್ಯದೆ ನಾನೇ ಬಿಚ್ಚುವ ಚಟ ನನಗಿತ್ತು. ಬಿಚ್ಚಿದ ಮಿಕ್ಸರ್ ಇನ್ನೂ ಡಬ್ಬಿಯಲ್ಲಿದೆ. ಕೂಲರ್ ನೀರು ಬಿಡುತ್ತದೆ, ಗಾಳಿ ಬಿಡುವುದಿಲ್ಲ. ಇದಕ್ಕಿಂತ ದೊಡ್ಡ ಚಟ ನನ್ನ ಡ್ರೈವಿಂಗ್ ಕೊಚ್ಚಿಕೊಳ್ಳುವುದು. "ಹೊಸಾ ಗಾಡಿ ತಂದು ಏಳು ವರ್ಷ ಆತು, ನನ್ನ ಕೈಯಾಗ ಒಂದ ಗೀರು ಬಿದ್ದಿಲ್ಲರಿ" ಎಂದು ನಾನು ಬೀಗರ ಮುಂದೆ ಹೇಳುವಾಗ ಹೆಂಡತಿ ಗಿರಿಜಾ ಸುಮ್ಮನೆ ಚಹಾ ಕೊಡುತ್ತಿದ್ದಳು. ಅವಳು ಶಾಲೆಯ ಶಿಕ್ಷಕಿ, ಕಾರು ಓಡಿಸಲು ಬರುತ್ತಿತ್ತು. ಆದರೆ ನಾನಿರುವಾಗ ಕೀಲಿ ಅವಳ ಕೈಗೆ ಹೋಗುತ್ತಿರಲಿಲ್ಲ.

ಅವಳು ಬಾದಾಮಿಗೆ ಎರಡು ದಿನದ ತರಬೇತಿಗೆ ಹೋದಾಗ, ಕಾರು ಹಿಂದಕ್ಕೆ ತೆಗೆಯುತ್ತ ಗೇಟಿನ ಕಂಬಕ್ಕೆ ಬಡಿದೆ. ಎಡಗಡೆಯ ಹಿಂಬಾಗಿಲು ತಾಟಿನಷ್ಟಗಲ ನೆಗ್ಗಿತು. ಅಂಗಡಿಗೆ ಒಯ್ದರೆ ಊರಿಗೆಲ್ಲ ಸುದ್ದಿ. ಮಾನ ಹೋದರೆ ಕೀಲಿಯೂ ಹೋಗುತ್ತದೆ!

ಮೊಬೈಲಿನಲ್ಲಿ ಒಬ್ಬ ಪುಣ್ಯಾತ್ಮ ಕುದಿಯುವ ನೀರು ಸುರಿದು ನೆಗ್ಗನ್ನು ಪುಟಕ್ಕನೆ ಎಬ್ಬಿಸುತ್ತಿದ್ದ. ನಾನೂ ಒಂದು ಹಂಡೆ ನೀರು ಖಾಲಿ ಮಾಡಿದೆ. ಅವನದು ಪ್ಲಾಸ್ಟಿಕ್ ಬಂಪರ್, ನನ್ನದು ತಗಡಿನ ಬಾಗಿಲು ಎಂಬುದು ಪಾದ ಸುಟ್ಟುಕೊಂಡ ಮೇಲೆ ಹೊಳೆಯಿತು. ಆಗ ಗಿರಿಜಾಳ ತಮ್ಮ ಮಾಂತೇಶನನ್ನು ಕರೆದೆ. ಗ್ರಾನೈಟ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವನು ಈ ಹಿಡಿಕೆ ತಂದ.

"ಮಾಮಾ, ಇದು ಇಬ್ಬರು ಎತ್ತೋ ಕಲ್ಲು ಎತ್ತತೈತಿ. ನಿಮ್ಮ ಬಾಗಿಲಾ ಯಾವ ಲೆಕ್ಕ?"

"ಜಗ್ಗಲೇ!" ಎಂದೆ.

ಜಗ್ಗಿದ. ನೆಗ್ಗು ಅಲ್ಲೇ ಉಳಿಯಿತು. ರೊಟ್ಟಿಯಗಲದ ಬಣ್ಣ ಕಿತ್ತು ಬಂತು. ಬಣ್ಣದ ಜೊತೆಗೆ, ತಗ್ಗು ಮುಚ್ಚಲು ಮೆತ್ತುವ ಬೂದು ಪುಟ್ಟಿಯ ಲೇಪ. ಅದರ ಕೆಳಗೆ ಇನ್ನೊಂದು ಹಳೆಯ ನೆಗ್ಗು! ಅಯ್ಯೋ, ಶೋರೂಮಿನಿಂದ ಹೊಸದಾಗಿ ತಂದ ಕಾರಿಗೆ ಇದೆಲ್ಲಿಂದ ಬಂತು?

ಕೊನೆಗೆ ದಾವಲಸಾಬನ ಡೆಂಟಿಂಗ್ ಅಂಗಡಿಯೇ ಗತಿಯಾಯಿತು. ಅವನು ಮೊದಲು ಬಾಗಿಲು ನೋಡಿದ, ಆಮೇಲೆ ಬಟ್ಟೆ ಸುತ್ತಿದ ನನ್ನ ಕಾಲು ನೋಡಿದ.

"ಸರ, ನೀವು ಬಡದಿದ್ದು ಅರ್ಧಾ ದಿನದ ಕೆಲಸ. ನೀವು ರಿಪೇರಿ ಮಾಡಿದ್ದನ್ನ ಸರಿ ಮಾಡಾಕ ನಾಕ್ ದಿನ ಬೇಕು." ಪುಟ್ಟಿ ಮುಟ್ಟಿ ನೋಡಿದವನೇ, "ಅರೆ, ಇದು ನಂದ ಕೆಲಸ. ಹಿಂದಕ ಅಕ್ಕೋರು ತಂದಿದ್ರಲ್ಲ!" ಎಂದ.

ಅಕ್ಕೋರು ಎಂದರೆ ನನ್ನ ಹೆಂಡತಿಯೇ, ಶಾಲೆಯಲ್ಲಿ ಕಲಿಸುವವಳಾದ್ದರಿಂದ ಊರಿಗೆಲ್ಲ ಅವಳು ಅಕ್ಕೋರು. ನನ್ನ ಪಾದದ ಉರಿ ಆ ಕ್ಷಣಕ್ಕೆ ಮಾಯವಾಯಿತು. ಸಂಜೆ ಬಸ್ಸಿಳಿದು ಬಂದವಳಿಗೆ ಚಪ್ಪಲಿ ಬಿಡಲೂ ಪುರುಸೊತ್ತು ಕೊಡಲಿಲ್ಲ. ಸಾಕ್ಷಿಗೆ ಮಾಂತೇಶನನ್ನೂ ಕೂರಿಸಿಕೊಂಡಿದ್ದೆ.

"ಗಾಡಿ ಬಡದು, ನನಗ ಗೊತ್ತಾಗದಂಗ ದಾವಲಸಾಬನ ಕಡೆ ಮಾಡ್ಸೀಯಲ್ಲ? ಭಾಳ ಧೈರ್ಯ ನಿಂದು!"

"ಬಡದವರು ನೀವು," ಎಂದಳು ಚೀಲ ಇಳಿಸುತ್ತ. "ತುಳಸಿಗೇರಿ ಗುಡಿ ಮುಂದ ಹಿಂದಕ್ಕ ತಗೋವಾಗ ಕಲ್ಲಿನ ಕಟ್ಟೆಗೆ ಬಡದ್ರಿ. ಹಾಡಿನ ಗದ್ದಲದಾಗ ನಿಮಗ ಕೇಳಿಸಲಿಲ್ಲ. ಎಡಗಡೆ ಹೋಗಿ ನೋಡೋ ಪೈಕಿ ಅಲ್ಲ ನೀವು. ಮರುದಿನ ಬಾಗಲಕೋಟಿಗೆ ಮೀಟಿಂಗಂತ ಹೋಗಿ ಎರಡು ದಿನ ಕುಂತ್ರಿ, ನಾ ಗಾಡಿ ಅಂಗಡಿಗೆ ಒಯ್ದೆ."

ಮಾಂತೇಶ ನೆಲ ನೋಡತೊಡಗಿದ.

"ಆವಾಗ ಹೇಳಬೇಕಿತ್ತಿಲ್ಲ?"

"ಹೇಳಿದ್ರ ನೀವ ರಿಪೇರಿ ಮಾಡಾಕ ಕುಂದರ್ತಿದ್ರಿ."

ಅಷ್ಟು ವರ್ಷ ನಾನು ಕೊಚ್ಚಿಕೊಂಡಾಗಲೆಲ್ಲ ಅವಳು ಚಹಾದ ಕಪ್ಪು ಮುಂದಿಟ್ಟು ಹೋಗಿದ್ದಳಲ್ಲ, ಅದು ನೆನಪಾಗಿ ನಿಜಕ್ಕೂ ನಾಚಿಕೆಯಾಯಿತು. ಕೀಲಿ ನಾನೇ ತೆಗೆದು ಅವಳ ಚೀಲದ ಪಕ್ಕ ಇಟ್ಟೆ.

ಇದೋ, ಹೊರಗೆ ಹಾರ್ನ್ ಆಯಿತು. ಶಾಲೆಯಿಂದ ಬಂದಳು, ಗೇಟು ತೆಗೆಯುವುದು ಈಗ ನನ್ನ ಕೆಲಸ. ನನ್ನ ಕೈಯಲ್ಲಿದ್ದ ಹಿಡಿಕೆ ನೋಡಿ, "ಇನ್ನೂ ಕೊಟ್ಟಿಲ್ಲೇನ್ರಿ? ಹತ್ರಿ, ಈಗ ಮಾಂತೇಶಗ ಕೊಟ್ಟು ಬರೂಣು" ಎಂದಳು. ಹತ್ತುವ ಮುಂಚೆ, ದಾವಲಸಾಬ ಸರಿ ಮಾಡಿಕೊಟ್ಟ ಹಿಂಬಾಗಿಲಿನ ಮೇಲೆ ಕೈಯಾಡಿಸಿದೆ. ಎಲ್ಲಿ ನೆಗ್ಗಿತ್ತೆಂದು ಎಷ್ಟು ಸವರಿದರೂ ತಿಳಿಯಲಿಲ್ಲ. ಹಿಡಿಕೆ ತೊಡೆಯ ಮೇಲಿಟ್ಟುಕೊಂಡು ಎಡಗಡೆ ಸೀಟಿನಲ್ಲಿ ಕೂತೆ.